ಚಳಿಗಾಲದ ಅರಿವೆ-ಅಂಚಡಿ ಕೂಡಿಸಿ ಹಂಚುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಪೂರ್ವ ಭಾಗದಲ್ಲಿ, ವಿಜಯಪುರದ ಗಡಿಗೆ ಹತ್ತಿಕೊಂಡ ಊರೊಂದರಲ್ಲಿ ನಾವು ಏಳೆಂಟು ಮಂದಿ ಓಣಿಯವರು ಸೇರಿ ಪ್ರತಿ ವರ್ಷ ದಸರೆಯಿಂದ ಶಿವರಾತ್ರಿಯವರೆಗೆ ಹೊದಿಕೆ, ಅರಿವೆ ಕೂಡಿಸಿ ಬೇಕಾದವರಿಗೆ ಮುಟ್ಟಿಸುತ್ತೇವೆ. ಬಸ್ ನಿಲ್ದಾಣದಲ್ಲಿ, ಮದುವೆ ಮನೆಯಲ್ಲಿ, ಫೋನಿನಲ್ಲಿ ಅವೇ ಪ್ರಶ್ನೆಗಳು ತಿರುತಿರುಗಿ ಬರುತ್ತವೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟು, ತಿಳಿದಷ್ಟು ಉತ್ತರ ಬರೆದಿದ್ದೇನೆ. ಬೇರೆ ಊರಿನವರು ಈ ಕೆಲಸಕ್ಕೆ ಕೈ ಹಾಕುವುದಾದರೆ ನಮ್ಮ ತಪ್ಪುಗಳಾದರೂ ಉಪಯೋಗಕ್ಕೆ ಬರಲಿ.

## ಮೊದಲ ಸಲ ಕೇಳುವವರಿಗೆ

ನಮ್ಮದು ಬಿಸಿಲ ಸೀಮೆ. ದಾನ ಎತ್ತುವಷ್ಟು ಚಳಿ ಇಲ್ಲಿ ಎಲ್ಲಿದೆ?

ಮನೆಯ ಗೋಡೆ ದಪ್ಪ ಇದ್ದವರೆಲ್ಲ ಹೀಗೇ ಕೇಳುತ್ತಾರೆ. ಮಳೆ ಹಿಂದೆ ಸರಿದ ಮೇಲೆ ನಮ್ಮ ಬಯಲಿನ ಮೇಲೆ ಮೋಡ ನಿಲ್ಲುವುದಿಲ್ಲ. ಹಗಲು ಕಾದ ನೆಲದ ಬಿಸಿಯೆಲ್ಲ ರಾತ್ರಿ ತೆರೆದ ಆಕಾಶಕ್ಕೆ ಹೋಗಿಬಿಡುತ್ತದೆ. ಮಧ್ಯಾಹ್ನ 30 ಡಿಗ್ರಿಯ ಸುತ್ತ ಇರುವ ಬಿಸಿಲು ಬೆಳಗಿನ ಜಾವಕ್ಕೆ 12–13ಕ್ಕೆ ಇಳಿಯುತ್ತದೆ, ಕೆಲವು ವರ್ಷ ಅದಕ್ಕೂ ಕೆಳಗೆ. ಹಿಮಾಲಯದವರಿಗೆ ಇದು ನಗೆಯ ಮಾತಾಗಿರಬಹುದು. ಆದರೆ ಅಲ್ಲಿಯ ಮನೆಗಳನ್ನು ಚಳಿಗೆಂದೇ ಕಟ್ಟಿರುತ್ತಾರೆ, ನಮ್ಮವನ್ನು ಬಿಸಿಲಿಗೆಂದು ಕಟ್ಟಿದ್ದಾರೆ. ಪತ್ರಾಸಿನ (ತಗಡಿನ) ಮನೆ ಹಗಲು ಹಂಚಿನಂತೆ ಕಾದು ರಾತ್ರಿ ಹಾಲಿನ ಕ್ಯಾನಿನಂತೆ ತಣ್ಣಗಾಗುತ್ತದೆ. ಅದರೊಳಗೆ ಒಂದೇ ಚಾದರ ಹೊದ್ದು ಮಲಗುವ ಎಪ್ಪತ್ತು ವರ್ಷದ ಅಜ್ಜಿಗೆ 12 ಡಿಗ್ರಿ ಎಂದರೆ ಬಹಳ ಚಳಿ. ವಯಸ್ಸಾದವರಿಗೆ ಚಳಿಯ ಬೆಳಗಿನಲ್ಲಿ ರಕ್ತದೊತ್ತಡ ಏರುವುದೂ ಉಂಟು.

ಯಾರಿಗೆ ಕೊಡುತ್ತೀರಿ? ನಮ್ಮೂರಲ್ಲಿ ಅಂಥ ಬಡವರು ಯಾರೂ ಇಲ್ಲವಲ್ಲ?

ನಮ್ಮ ತಾಲ್ಲೂಕಿನ ಊರುಗಳು ಒಂದೆಡೆ ಗುಂಪಾಗಿ ಕೂತಿಲ್ಲ. ಗಾವಠಾಣದ (ಊರ ಮನೆಗಳಿರುವ ಜಾಗದ) ಹೊರಗೆ ಎರಡು, ಮೂರು, ಐದು ಕಿಲೋಮೀಟರಿನಾಚೆ ಹೊಲಗಳ ನಡುವೆ ವಸ್ತಿಗಳಿವೆ. ಊರ ಕಟ್ಟೆಯ ಮೇಲೆ ಕುಳಿತವರಿಗೆ ವಸ್ತಿಯ ಮನೆ ಕಾಣುವುದಿಲ್ಲ. ದೀಪಾವಳಿ ಮುಗಿಯುತ್ತಲೇ ದುಡಿಯುವ ಗಂಡು ಹೆಣ್ಣು ಇಬ್ಬರೂ ಕಬ್ಬು ಕಡಿಯಲು ಗ್ಯಾಂಗಿನ ಜೊತೆ ಹೊರಟುಬಿಡುತ್ತಾರೆ. ಮನೆಯಲ್ಲಿ ಅಜ್ಜ-ಅಜ್ಜಿ, ಶಾಲೆಗೆ ಹೋಗುವ ಒಂದೆರಡು ಮಕ್ಕಳು, ಒಂದು ಆಡು ಉಳಿಯುತ್ತವೆ. ಇದ್ದ ಒಳ್ಳೆಯ ಹೊದಿಕೆಯನ್ನು ಗ್ಯಾಂಗಿಗೆ ಹೋಗುವವರ ಗಂಟಿಗೆ ಕಟ್ಟಿ ಕಳಿಸಿರುತ್ತಾರೆ, ಅಲ್ಲಿ ಬಯಲಲ್ಲಿ ಮಲಗಬೇಕಲ್ಲ ಎಂದು. ಹಿಂದೆ ಉಳಿದವರಿಗೆ ತೇಪೆಯ ಮೇಲೆ ತೇಪೆ ಹಾಕಿದ ಕೌದಿಯೇ ಗತಿ.

ಇವರ ಜೊತೆಗೆ ಇಟ್ಟಿಗೆ ಭಟ್ಟಿಯವರು, ಕುರಿ ಬಿಟ್ಟುಕೊಂಡು ಹೊಲದಿಂದ ಹೊಲಕ್ಕೆ ಹೋಗುವವರು, ಗಂಡ ತೀರಿಕೊಂಡ ಮೇಲೆ ತವರಿನ ಹಿತ್ತಲಲ್ಲಿ ಒಂದು ಕೋಣೆ ಹಾಕಿಕೊಂಡವರು. ನಿಮ್ಮೂರಲ್ಲಿ ಯಾರೂ ಇಲ್ಲ ಎನ್ನುವುದಾದರೆ ಒಂದು ದಿನ ಬೆಳಗಿನ ಐದಕ್ಕೆ ಎದ್ದು ಹೊರಗೆ ಹೋಗಿ ನೋಡಿ. ಯಾವ ಮನೆಯ ಮುಂದೆ ಅಷ್ಟು ಹೊತ್ತಿಗೆ ಬೆಂಕಿ ಉರಿಯುತ್ತಿದೆಯೋ ಆ ಮನೆಯಲ್ಲಿ ರಾತ್ರಿ ನಿದ್ದೆ ಆಗಿರುವುದಿಲ್ಲ. ನಮ್ಮ ಮೊದಲ ಪಟ್ಟಿ ತಯಾರಾದದ್ದು ಹಾಗೆ, ಹಾಲು ಹಾಕಲು ಹೋಗುವ ಹುಡುಗನ ಬಾಯಿಂದ.

ಚಳಿ ಬಿದ್ದ ಮೇಲೆ, ಡಿಸೆಂಬರಿನಲ್ಲಿ ಶುರು ಮಾಡಿದರೆ ಆಗದೆ?

ತಡವಾಗುತ್ತದೆ. ನವರಾತ್ರಿಗೆ ಎಲ್ಲರೂ ಮನೆ ಸುಣ್ಣ-ಬಣ್ಣ ಮಾಡಿ ಹಾಸಿಗೆ-ಹೊದಿಕೆ ಒಗೆಯುತ್ತಾರೆ. ಅಟ್ಟದ ಮೇಲಿನದು, ಟ್ರಂಕಿನೊಳಗಿನದು ಎಲ್ಲ ಅಂಗಳಕ್ಕೆ ಬರುವುದು ಆಗಲೇ. ಆ ಹೊತ್ತಿಗೆ ಬಾಗಿಲಿಗೆ ಹೋದರೆ ಒಗೆದ ಅರಿವೆ ತಾನಾಗಿ ಸಿಗುತ್ತದೆ. ಗ್ಯಾಂಗಿನವರು ಹೊರಡುವುದೂ ದೀಪಾವಳಿಯ ಆಚೀಚೆ. ಅವರ ಗಂಟು ಕಟ್ಟುವ ಮೊದಲೇ ಹೊದಿಕೆ ಕೈಗೆ ಸೇರಿದರೆ ಮನೆಯದು ಮನೆಯಲ್ಲೇ ಉಳಿಯುತ್ತದೆ. ಡಿಸೆಂಬರಿಗೆ ನಾವು ಹಂಚುವುದನ್ನು ಬಹುಮಟ್ಟಿಗೆ ಮುಗಿಸಿರುತ್ತೇವೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋದಾಗ ಬಿಟ್ಟುಹೋದ ವಸ್ತಿಗಳು ಕಣ್ಣಿಗೆ ಬೀಳುತ್ತವೆ, ಅವುಗಳಿಗೆಂದು ನಾಲ್ಕಾರು ಹೊದಿಕೆ ತೆಗೆದಿಟ್ಟಿರುತ್ತೇವೆ.

## ಕೂಡಿಸುವಾಗ

ಮನೆಯಲ್ಲಿ ಹಳೆಯ ಬಟ್ಟೆ ರಾಶಿ ಬಿದ್ದಿದೆ. ಎಲ್ಲ ತಂದು ಹಾಕಲೇ?

ದಯವಿಟ್ಟು ಬೇಡ. ಮೊದಲ ವರ್ಷ ಹೀಗೆ ಹೇಳಿಯೇ ಕೆಟ್ಟೆವು. ಮದುವೆಯ ಜರಿ ಬ್ಲೌಸು, ಗುಂಡಿ ಇಲ್ಲದ ಪ್ಯಾಂಟು, ಒಂದೇ ಕಾಲಿನ ಚಪ್ಪಲಿ, ಯಾರದೋ ಕಾಲೇಜಿನ ಟೈ ಕೂಡ ಬಂತು. ಹನ್ನೆರಡು ಮೂಟೆಯಲ್ಲಿ ಮೈಮೇಲೆ ಹಾಕಿಕೊಳ್ಳುವಂಥದ್ದು ನಾಲ್ಕು ಮೂಟೆ. ಉಳಿದದ್ದನ್ನು ವಿಂಗಡಿಸುವುದರಲ್ಲೇ ಎರಡು ವಾರ ಹೋಯಿತು.

ಈಗ ಮನೆಮನೆಗೆ ಹೋಗಿ ಹೆಸರಿಟ್ಟು ಕೇಳುತ್ತೇವೆ: ಕಂಬಳಿ, ದಪ್ಪ ಚಾದರ, ಜಮಖಾನ, ಸ್ವೆಟರ್, ಮಫ್ಲರ್, ಕಾಲುಚೀಲ, ಮಕ್ಕಳ ಕುಲಾಯಿ, ತುಂಬು ತೋಳಿನ ಅಂಗಿ, ಗೋಣಿಚೀಲ, ತಾಡಪತ್ರಿ. ಗೋಣಿಚೀಲ ಏಕೆ ಎಂದು ಎಲ್ಲರೂ ಕೇಳುತ್ತಾರೆ. ನೆಲದ ಮೇಲೆ ಮಲಗುವವರಿಗೆ ಚಳಿ ಮೇಲಿನಿಂದ ಬರುವುದಕ್ಕಿಂತ ಕೆಳಗಿನಿಂದ ಹೆಚ್ಚು ಬರುತ್ತದೆ. ತಣ್ಣನೆಯ ನೆಲ ಮೈಯ ಬಿಸಿಯನ್ನು ಹೀರುತ್ತಲೇ ಇರುತ್ತದೆ, ಮೈಭಾರಕ್ಕೆ ಅಡಿಯ ಚಾದರ ಅಪ್ಪಚ್ಚಿಯಾಗಿ ಗಾಳಿ ನಿಲ್ಲಲು ಜಾಗವೇ ಇರುವುದಿಲ್ಲ. ಎರಡು ಗೋಣಿಯನ್ನು ಬಿಚ್ಚಿ ಹೊಲಿದು ನಡುವೆ ಜೋಳದ ಕಣಿಕೆಯನ್ನೋ ಒಣ ಹುಲ್ಲನ್ನೋ ಹರಡಿ, ಅದರ ಮೇಲೆ ಹಾಸಿಕೊಂಡರೆ ಒಂದೇ ಹೊದಿಕೆಯಲ್ಲಿ ರಾತ್ರಿ ಕಳೆಯಬಹುದು. ಖರ್ಚಿಲ್ಲದ ಈ ಕೆಲಸವನ್ನು ನಾವು ಎರಡನೆಯ ವರ್ಷ ಕಲಿತೆವು, ಅದೂ ಕುರಿಗಾಹಿಯೊಬ್ಬರು ನಕ್ಕು ಹೇಳಿಕೊಟ್ಟ ಮೇಲೆ.

ಒಳ ಉಡುಪು ಕೊಡುವುದಾದರೆ ಹೊಸದನ್ನೇ ಕೊಡಿ.

ಹರಿದ ಸೀರೆ ತಂದರೆ ಬೈಯುತ್ತೀರಂತೆ, ನಿಜವೇ?

ಬೈಯುವುದು ಉಡಲಿಕ್ಕೆಂದು ಕೊಟ್ಟರೆ. ಕೌದಿಗೆಂದು ಕೊಟ್ಟರೆ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ನೂಲಿನ ಸೀರೆ ಎಷ್ಟು ಒಗೆದು ಸವೆದಿದ್ದರೆ ಅಷ್ಟು ಮೆತ್ತಗಿನ ಕೌದಿಯಾಗುತ್ತದೆ. ನಾಲ್ಕೈದು ಸೀರೆ ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಶುರು ಮಾಡಿ ಒಳಗೆ ಒಳಗೆ ಎಳೆ ಹಾಕುತ್ತ ಬಂದರೆ ಪದರದ ನಡುವೆ ಗಾಳಿ ನಿಂತು ಬೆಚ್ಚಗಾಗುತ್ತದೆ. ನೈಲಾನ್ ಸೀರೆ ಜಾರುತ್ತದೆ, ಸೂಜಿಗೆ ನಿಲ್ಲುವುದಿಲ್ಲ, ಅದು ಬೇಡ.

ಇದರಿಂದ ಇನ್ನೊಂದು ಅನುಕೂಲವಿದೆ. ನಮ್ಮ ಪಟ್ಟಿಯಲ್ಲಿರುವ ಮನೆಗಳಲ್ಲೇ ಕೌದಿ ಹೊಲಿಯುವ ಕೈಗಳಿವೆ. ಅವರಿಗೆ ಸೀರೆ, ನೂಲು, ಕೂಲಿ ಕೊಟ್ಟು ಎರಡು ಕೌದಿ ಹೊಲಿಸಿದರೆ ಒಂದನ್ನು ಅವರೇ ಇಟ್ಟುಕೊಳ್ಳುತ್ತಾರೆ, ಇನ್ನೊಂದು ಬೇರೆ ಮನೆಗೆ ಹೋಗುತ್ತದೆ. ಕೈಚಾಚಿ ಏನನ್ನೂ ತೆಗೆದುಕೊಳ್ಳದ ಹೆಂಗಸರು ಈ ಲೆಕ್ಕಕ್ಕೆ ಒಪ್ಪುತ್ತಾರೆ, ಏಕೆಂದರೆ ಇದು ಕೆಲಸ. ನಮ್ಮ ಓಣಿಯ ಹಿರಿಯರೊಬ್ಬರು ಕೊನೆಯ ಮೂಲೆ ಮುಚ್ಚುವ ಮೊದಲು ಒಣರೊಟ್ಟಿಯ ಚೂರೊಂದನ್ನು ಒಳಗಿಟ್ಟು ಹೊಲಿಯುತ್ತಾರೆ, ಹೊದ್ದವರ ಹೊಟ್ಟೆ ಬರಿದಾಗಬಾರದೆಂದು. ಇಲಿ ಬರುತ್ತದೆ ಎಂದು ನಾನು ಒಮ್ಮೆ ಹೇಳಿ ಸರಿಯಾಗಿ ಅನ್ನಿಸಿಕೊಂಡೆ. ಆಮೇಲೆ ಸುಮ್ಮನಿದ್ದೇನೆ.

ಹೊಸ ಬ್ಲಾಂಕೆಟ್ ಕೊಡಿಸುತ್ತೇನೆ. ಯಾವುದು ಒಳ್ಳೆಯದು?

ಯಾರಿಗೆ ಎನ್ನುವುದರ ಮೇಲೆ ನಿಂತಿದೆ. ಬಯಲಲ್ಲಿ ಮಲಗುವವರಿಗೆ, ಬೆಂಕಿಯ ಹತ್ತಿರ ಕೂರುವವರಿಗೆ ಕರಿ ಕಂಬಳಿಗೆ ಸಮನಾದದ್ದು ಇಲ್ಲ. ದಖ್ಖನಿ ಕುರಿಯ ಒರಟು ಉಣ್ಣೆ ಇಬ್ಬನಿಯಲ್ಲಿ ನೆನೆದರೂ ಬಿಸಿ ಬಿಡುವುದಿಲ್ಲ, ಕಿಡಿ ಬಿದ್ದರೆ ಕರಕಲಾಗಿ ಅಲ್ಲಿಗೇ ನಿಲ್ಲುತ್ತದೆ. ಅಂಗಡಿಯಲ್ಲಿ ಸಿಗುವ ಅಗ್ಗದ ಪಾಲಿಯೆಸ್ಟರ್ ಬ್ಲಾಂಕೆಟ್ ಮೆತ್ತಗಿದೆ, ಹಗುರವಾಗಿದೆ, ಬೇಗ ಒಣಗುತ್ತದೆ. ಆದರೆ ಕಿಡಿ ತಾಗಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಅದನ್ನು ಗೋಡೆ-ಬಾಗಿಲು ಇರುವ ಮನೆಗಷ್ಟೇ ಕೊಡುತ್ತೇವೆ.

ಹೊಸ ಕಂಬಳಿ ತಗಡಿನಂತೆ ಬಿರುಸಾಗಿರುತ್ತದೆ. ನೇಯುವಾಗ ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ, ಅದರಿಂದ. ಬಳಸುತ್ತ ಮೆತ್ತಗಾಗುತ್ತದೆ. ಮಕ್ಕಳಿಗೆ ಚುಚ್ಚುತ್ತದೆ, ಒಳಗೊಂದು ನೂಲಿನ ಅರಿವೆ ಹಾಕಬೇಕು. ಕಂಬಳಿ ಕೊಳ್ಳುವುದಾದರೆ ನೇಕಾರರ ಮನೆಗೇ ಹೋಗಿ ಕೊಳ್ಳಿ. ಕಂಬಳಿ ನೇಯುವ ಮಗ್ಗಗಳು ನಮ್ಮ ಕಡೆ ವರ್ಷದಿಂದ ವರ್ಷಕ್ಕೆ ನಿಲ್ಲುತ್ತಿವೆ.

ಸೊಲ್ಲಾಪುರ ಚಾದರದ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಒಳ್ಳೆಯ ಚಾದರ ಅದು, ಹತ್ತಾರು ವರ್ಷ ಬಾಳುತ್ತದೆ. ಆದರೆ ನೂಲಿನದು. ಕೌದಿಯ ಮೇಲೆ ಎರಡನೆಯ ಪದರವಾಗಿ ಹೊದ್ದರೆ ಚೆನ್ನ, ಒಂಟಿಯಾಗಿ ಜನವರಿಗೆ ಸಾಲದು. ಮತ್ತು ನಕಲಿ ಬಹಳ ಇವೆ.

ಟ್ರಂಕಿನಲ್ಲಿ ಡಾಂಬರು ಗುಳಿಗೆ ಹಾಕಿ ಜೋಪಾನವಾಗಿ ಇಟ್ಟಿದ್ದೆವು. ಮತ್ತೆ ಒಗೆಯಲೇಬೇಕೆ?

ಒಗೆಯಲೇಬೇಕು. ಅದರಲ್ಲೂ ಗುಳಿಗೆ ಹಾಕಿಟ್ಟದ್ದನ್ನು ಮೊದಲು ಒಗೆಯಬೇಕು. ಆ ಬಿಳಿ ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಅರಿವೆಯಲ್ಲಿ ಹೀರಿಕೊಂಡಿರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದ ಇರುವ ಮಕ್ಕಳಿಗೆ ಅದರ ವಾಸನೆ, ಸ್ಪರ್ಶ ತಾಗಿದರೆ ರಕ್ತಕಣಗಳು ಒಡೆದು ಕಾಮಾಲೆ ಏರಬಹುದು. ಹಸುಗೂಸಿಗೆ ಇದು ಜೀವಕ್ಕೇ ಕುತ್ತು. ಯಾವ ಕೂಸಿಗೆ ಆ ಕೊರತೆ ಇದೆ ಎಂದು ನೋಡಿದರೆ ತಿಳಿಯುವುದಿಲ್ಲ. ಹಾಗಾಗಿ ಗುಳಿಗೆಯ ವಾಸನೆ ಇರುವ ಅರಿವೆಯನ್ನು ನಾವು ಬಾಣಂತಿಯ ಮನೆಗೆ ಕೊಡುವುದೇ ಇಲ್ಲ. ಉಳಿದವರಿಗೂ ಒಗೆದು, ಎರಡು ಮೂರು ದಿನ ಗಾಳಿ-ಬಿಸಿಲಿಗೆ ಹಾಕಿ ಕೊಡುತ್ತೇವೆ.

ಇನ್ನೊಂದು ಕಾರಣ ಕಜ್ಜಿ. ಅದರ ಹುಳು ಹೊದಿಕೆಯ ಮೂಲಕ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಬಿಸಿನೀರಿನಲ್ಲಿ ಒಗೆಯಬಹುದಾದದ್ದನ್ನು ಒಗೆಯಿರಿ. ಕಂಬಳಿಯಂಥದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಮೂಲೆಯಲ್ಲಿಡಿ, ಮನುಷ್ಯರ ಮೈ ಸಿಗದೆ ಆ ಹುಳು ಬದುಕುವುದಿಲ್ಲ. ತಿಗಣೆಗೆ ಈ ಉಪಾಯ ನಡೆಯುವುದಿಲ್ಲ, ಅದು ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ತಿಗಣೆ ಕಂಡ ಮೂಟೆಯನ್ನು ನಾವು ಒಳಗೇ ತರುವುದಿಲ್ಲ.

ಸಾಮಾನು ಬೇಡ, ಹಣವನ್ನೇ ಕೊಡುತ್ತೇನೆ. ರಸೀದಿ ಕೊಡುತ್ತೀರಾ?

ನಾವು ಹಣ ಮುಟ್ಟುವುದಿಲ್ಲ. ಮಹಾರಾಷ್ಟ್ರದಲ್ಲಿ ಧರ್ಮಕಾರ್ಯಕ್ಕೆಂದು ಸಾರ್ವಜನಿಕವಾಗಿ ಹಣ ಎತ್ತುವವರು 1950ರ ಸಾರ್ವಜನಿಕ ವಿಶ್ವಸ್ಥ (ಟ್ರಸ್ಟ್) ಕಾಯ್ದೆಯ ಕೆಳಗೆ ಬರುತ್ತಾರೆ, ಧರ್ಮಾದಾಯ ಆಯುಕ್ತರ ಕಚೇರಿಯ ಅನುಮತಿ ಪಡೆಯಬೇಕು, ಲೆಕ್ಕ ಒಪ್ಪಿಸಬೇಕು. ಏಳೆಂಟು ಮಂದಿಯ ನಮಗೆ ಅಷ್ಟು ಕಾಗದದ ಕೆಲಸ ಆಗದು. ಹಣ ಕೊಡಲೇಬೇಕೆನ್ನುವವರಿಗೆ ಕಂಬಳಿ ನೇಯುವವರ ಮನೆಯನ್ನೋ ಕೌದಿ ಹೊಲಿಯುವವರ ಮನೆಯನ್ನೋ ತೋರಿಸುತ್ತೇವೆ. ಅಲ್ಲೇ ಕೊಡಿ, ಸಾಮಾನನ್ನು ನಮಗೆ ಕೊಡಿ.

ತೆರಿಗೆ ರಿಯಾಯಿತಿ ಕೇಳುವವರಿಗೆ: ವಸ್ತುರೂಪದ ದಾನಕ್ಕೆ ಆದಾಯ ತೆರಿಗೆಯ ರಿಯಾಯಿತಿ ಇಲ್ಲ. ನೋಂದಾಯಿತ ಸಂಸ್ಥೆಗೆ ಕೊಡುವ ನಗದು ಕೂಡ 2,000 ರೂಪಾಯಿ ಮೀರಿದರೆ ರಿಯಾಯಿತಿಗೆ ಬರುವುದಿಲ್ಲ.

## ಹಂಚುವಾಗ

ಎಲ್ಲರನ್ನೂ ಗುಡಿಯ ಮುಂದೆ ಕೂಡಿಸಿ ಒಂದೇ ದಿನ ಹಂಚಿದರೆ ಕೆಲಸ ಮುಗಿಯುತ್ತದಲ್ಲ?

ಮುಗಿಯುತ್ತದೆ. ಮೊದಲ ವರ್ಷ ನಾವೂ ಹಾಗೆಯೇ ಮುಗಿಸಿದೆವು. ಹಣಮಪ್ಪನ ಗುಡಿಯ ಮುಂದೆ ಶಾಮಿಯಾನ ಹಾಕಿ, ಮೈಕು ತಂದು, ಪಟ್ಟಿ ಹಿಡಿದು ಒಂದೊಂದೇ ಹೆಸರು ಕೂಗಿದೆವು. ಮೂವತ್ತಾರು ಹೆಸರಿನಲ್ಲಿ ಐದು ಮಂದಿ ಏಳಲೇ ಇಲ್ಲ. ಅವರಲ್ಲೊಬ್ಬರು ದಿನಾ ಸಂಜೆ ನಮ್ಮ ಜೊತೆಗೇ ಕಟ್ಟೆಯ ಮೇಲೆ ಕೂರುವ ಅಜ್ಜ. ಅವರ ಹೆಸರನ್ನು ಮೈಕಿನಲ್ಲಿ ಎರಡು ಸಲ ಕೂಗಿದವನು ನಾನು. ಅವರು ಎದುರಿಗೇ ಇದ್ದರು. ಚಪ್ಪಲಿ ಹಾಕಿಕೊಂಡು ಎದ್ದುಹೋದರು. ಆಮೇಲೆ ಎಷ್ಟೋ ದಿನ ಕಟ್ಟೆಗೆ ಬರಲಿಲ್ಲ, ನೀರಿಗೆ ಹೋಗುವ ದಾರಿಯನ್ನೂ ಬದಲಿಸಿದರು. ಕಂಬಳಿ ನಮ್ಮ ಮನೆಯಲ್ಲೇ ಉಳಿಯಿತು. ಹೊಲ ಇದ್ದ ಮನೆತನ ಅವರದು, ಹಿಂದೆ ಇನ್ನೊಬ್ಬರಿಗೆ ರಾಶಿಯ ಕಾಲಕ್ಕೆ ಚೀಲ ತುಂಬಿ ಕೊಟ್ಟವರು. ಅವರಿಗೆ ಚಳಿ ಇರಲಿಲ್ಲವೆಂದಲ್ಲ.

ಈಗ ಮೈಕಿಲ್ಲ, ಪಟ್ಟಿಯನ್ನು ಇಬ್ಬರು ಬಿಟ್ಟು ಬೇರೆ ಯಾರೂ ನೋಡುವುದಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಒಬ್ಬರೋ ಇಬ್ಬರೋ ಹೋಗುತ್ತೇವೆ. ಆ ಮನೆಗೆ ಮೊದಲೇ ಹೋಗಿ ಬಂದು ಬಳಕೆ ಇರುವವರೇ ಹೋಗಬೇಕು. ಹೆಂಗಸರು ಒಬ್ಬರೇ ಇರುವ ಮನೆಗೆ ಹೆಂಗಸರೇ ಹೋಗುತ್ತಾರೆ. ಕುಳಿತು ಚಹಾ ಕುಡಿದು, ಮಳೆ-ಬೆಳೆ ಮಾತಾಡಿ, ಎದ್ದು ಬರುವಾಗ ಗಂಟು ಅಲ್ಲೇ ಬಿಟ್ಟು ಬರುವುದು. ಚಹಾ ಕುಡಿಯದೆ ಬರಬಾರದು. ಅವರ ಮನೆಯಲ್ಲಿ ಹಾಲಿಲ್ಲದಿದ್ದರೆ ಕರಿ ಚಹಾ.

ಒಂದು ರಾತ್ರಿಗೆ ಮೂರು ಮನೆ ಆದರೆ ಹೆಚ್ಚು. ಹೀಗಾಗಿಯೇ ತಿಂಗಳು ಹಿಡಿಯುತ್ತದೆ.

ಫೋಟೊ ತೆಗೆದು ಹಾಕಿದರೆ ಇನ್ನಷ್ಟು ಜನ ಕೊಡುತ್ತಾರಲ್ಲ?

ಕೊಡುತ್ತಾರೆ, ನಿಜ. ಗಂಟುಗಳ ಫೋಟೊ ತೆಗೆಯಿರಿ, ಕೌದಿಯದು ತೆಗೆಯಿರಿ, ಹೊಲಿಯುವವರು ಒಪ್ಪಿದರೆ ಅವರದೂ ಆಗಬಹುದು. ಪಡೆಯುವವರ ಮಗಳಿಗೆ ನಾಳೆ ವರ ನೋಡಲು ಬಂದವರು ಮೊಬೈಲಿನಲ್ಲಿ ಆ ಚಿತ್ರ ಕಂಡರೆ ಏನಾಗುತ್ತದೆ ಎಂದು ಯೋಚಿಸಿ ಆಮೇಲೆ ತೆಗೆಯಿರಿ.

ಬೇಕಿದ್ದರೂ ಬೇಡ ಎನ್ನುವವರಿಗೆ ಹೇಗೆ ಕೊಡುವುದು?

ಕೊಟ್ಟು-ತೆಗೆದುಕೊಳ್ಳುವ ದಾರಿ ತೆರೆಯಬೇಕು. ನಮ್ಮಲ್ಲಿ ಮದುವೆಯಲ್ಲಿ ಮುಯ್ಯಿ ಇಲ್ಲವೇ, ಬಂದದ್ದು ಒಂದು ದಿನ ಹೋಗಲೇಬೇಕು ಎಂಬ ಲೆಕ್ಕ? ಅದನ್ನೇ ಇಲ್ಲಿಗೂ ತಂದೆವು. ಒಬ್ಬ ಆಯಿ ನಮಗೆ ಹುಣಸೆಹಣ್ಣು ಕುಟ್ಟಿ ಕೊಡುತ್ತಾರೆ, ಇನ್ನೊಬ್ಬರು ಗೋಣಿ ಹೊಲಿದು ಕೊಡುತ್ತಾರೆ. ಏನೂ ಆಗದವರು ಯಾವ ವಸ್ತಿಗೆ ಯಾರು ಹೊಸದಾಗಿ ಬಂದಿದ್ದಾರೆ ಎಂದು ಸುದ್ದಿ ತರುತ್ತಾರೆ, ಅದಕ್ಕಿಂತ ದೊಡ್ಡ ಸಹಾಯ ನಮಗೆ ಬೇರೆ ಇಲ್ಲ. ಮೇಲೆ ಹೇಳಿದ ಅಜ್ಜ ಮೂರನೆಯ ವರ್ಷ ತಾವೇ ಬಂದು ವಿಂಗಡಿಸಲು ಕುಳಿತರು. ಯಾವ ಕಂಬಳಿ ನಿಜವಾದ ಉಣ್ಣೆ, ಯಾವುದರಲ್ಲಿ ಬೆರಕೆ ಇದೆ ಎಂದು ಅವರು ಒಂದು ಎಳೆ ಸುಟ್ಟು ವಾಸನೆ ನೋಡಿ ಹೇಳುತ್ತಾರೆ. ಹೋಗುವಾಗ ಒಂದು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಹೋದರು. ಯಾರೂ ನೋಡದವರಂತೆ ಇದ್ದೆವು.

ಕೊಟ್ಟ ಕಂಬಳಿಯನ್ನು ಮಾರಿಕೊಂಡರೆ?

ಮಾರಿಕೊಳ್ಳಲಿ. ಕಂಬಳಿಗಿಂತ ಔಷಧಿ ತುರ್ತಾಗಿತ್ತು ಎಂದು ತಿಳಿದುಕೊಳ್ಳಿ, ಹೋಗಿ ಏನಾಯಿತೆಂದು ಕೇಳಿ.

ಗುಡ್ಡಾಪುರಕ್ಕೆ ನಡೆದು ಹೋಗುವವರಿಗೆ ಹೊದಿಕೆ ಹಂಚಿದರೆ ಪುಣ್ಯವಲ್ಲವೇ?

ಗುಡ್ಡಾಪುರದ ದಾನಮ್ಮ ದೇವಿಯ ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರದ ಕಡೆಯಿಂದ ಪಾದಯಾತ್ರೆ ಬರುವ ಭಕ್ತರಿಗೆ ದಾರಿಯುದ್ದಕ್ಕೂ ಚಹಾ, ಊಟ, ಮಲಗಲು ಜಾಗ ಕೊಡುವವರು ಬೇಕಾದಷ್ಟಿದ್ದಾರೆ. ನಾವು ಅಲ್ಲಿ ಹೋಗಿ ಕೊಡುವುದಕ್ಕಿಂತ ಕೂಡಿಸುವುದೇ ಹೆಚ್ಚು. ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮನಿಗೆ ಕೊಡುಗೈಯ ಕಾರಣಕ್ಕೇ ದಾನಮ್ಮ ಎಂಬ ಹೆಸರು ಬಂತೆಂಬ ನಂಬಿಕೆ ನಮ್ಮ ಸೀಮೆಯದು. ಆಕೆಯ ಹೆಸರು ಹೇಳಿ ಕೇಳಿದರೆ ಯಾತ್ರೆ ಮುಗಿಸಿ ಹೊರಟವರಲ್ಲಿ ಹತ್ತರಲ್ಲಿ ಇಬ್ಬರಾದರೂ ಹೆಗಲ ಮೇಲಿನ ಶಾಲು ಬಿಟ್ಟುಕೊಟ್ಟು ಹೋಗುತ್ತಾರೆ.

## ಕಬ್ಬಿನ ಗ್ಯಾಂಗಿಗೆ ಮುಟ್ಟಿಸುವಾಗ

ಕಬ್ಬು ಕಡಿಯುವವರಿಗೆ ಸ್ವೆಟರ್ ಕೂಡಿಸಿದ್ದೇವೆ. ಯಾವಾಗ ಒಯ್ಯೋಣ?

ಒಯ್ಯುವ ಮೊದಲು ಅವರ ದಿನ ಹೇಗಿರುತ್ತದೆ ನೋಡಿ. ಗಂಡ-ಹೆಂಡತಿ ಸೇರಿ ಒಂದು ಕೋಯ್ತಾ ಎಂದು ಲೆಕ್ಕ. ಕೂಲಿಗಳನ್ನು ಕರೆದೊಯ್ಯುವ ಮುಕಾದಮನಿಂದ ಉಚಲ್ (ಮುಂಗಡ ಸಾಲ) ಎತ್ತಿರುತ್ತಾರೆ, ಅದು ತೀರುವವರೆಗೆ ಕಡಿಯಬೇಕು. ಕೃಷ್ಣಾ, ವಾರಣಾ ದಂಡೆಯ ಕಾರ್ಖಾನೆಗಳಿಗೋ ಗಡಿಯಾಚೆ ಅಥಣಿ, ಜಮಖಂಡಿ ಕಡೆಗೋ ಹೋಗಿ ಹೊಲದ ಅಂಚಿನಲ್ಲಿ ತಾಡಪತ್ರಿಯ ಗುಡಿಸಲು ಹಾಕುತ್ತಾರೆ, ಮರಾಠಿಯವರು ಅದಕ್ಕೆ ಕೋಪಿ ಎನ್ನುತ್ತಾರೆ. ನಸುಕಿನ ನಾಲ್ಕಕ್ಕೆ ಎದ್ದು ಕಡಿಯುವ ಹೊತ್ತಿಗೆ ಕಬ್ಬಿನ ಎಲೆಯೆಲ್ಲ ಇಬ್ಬನಿ. ಹತ್ತು ನಿಮಿಷದಲ್ಲಿ ಮೈ ತೊಯ್ದು ಹೋಗುತ್ತದೆ, ಎಲೆಯ ಅಂಚು ಗರಗಸದಂತೆ ಕೈ ಕುಯ್ಯುತ್ತದೆ. ನಾವು ಆಸೆಯಿಂದ ಒಯ್ದ ಸ್ವೆಟರುಗಳನ್ನು ಹೆಂಗಸರು ಹಾಕಿಕೊಳ್ಳಲೇ ಇಲ್ಲ. ರವದಿ (ಕಬ್ಬಿನ ಒಣ ಎಲೆ) ಸಿಕ್ಕಿಕೊಳ್ಳುತ್ತದೆ, ಎಳೆ ಬಿಚ್ಚುತ್ತದೆ, ನೆನೆದರೆ ಸಂಜೆಯವರೆಗೆ ಒಣಗುವುದಿಲ್ಲ. ಅವರು ಸೀರೆಯ ಮೇಲೆ ಗಂಡಸರ ತುಂಬು ತೋಳಿನ ಹಳೆಯ ಅಂಗಿ ತೊಟ್ಟು ಕೆಲಸ ಮಾಡುತ್ತಾರೆ. ಹಾಗಾಗಿ ಕಚೇರಿಗೆ ಹೋಗುವವರ ಮನೆಯಿಂದ ನಾವು ಮೊದಲು ಕೇಳುವುದು ಕಾಲರು ಸವೆದ ದಪ್ಪ ಅಂಗಿ. ಒಬ್ಬರಿಗೆ ಎರಡು ಕೊಡಬೇಕು, ಒಂದು ಒಣಗುವವರೆಗೆ ಇನ್ನೊಂದು.

ಇದರ ಜೊತೆಗೆ ಕಾಲುಚೀಲ, ತಲೆಗೆ-ಕಿವಿಗೆ ಸುತ್ತುವ ಟವೆಲು, ಒಡೆದ ಹಿಮ್ಮಡಿಗೆ ವ್ಯಾಸಲೀನು, ತೂತಿಲ್ಲದ ತಾಡಪತ್ರಿ, ಟಾರ್ಚು, ಮುಟ್ಟಿನ ದಿನಗಳಿಗೆ ಪ್ಯಾಡು. ಕೊನೆಯದನ್ನು ಹೆಂಗಸರೇ ಒಯ್ದು ಹೆಂಗಸರ ಕೈಗೇ ಕೊಡಬೇಕು. ಹಗಲು ಹೋದರೆ ಕೋಪಿಯಲ್ಲಿ ಮಕ್ಕಳಷ್ಟೇ ಇರುತ್ತಾರೆ, ಸಂಜೆ ಏಳರ ಮೇಲೆ ಹೋಗಿ. ಅದೂ ಬೇಗ ಎದ್ದು ಬನ್ನಿ, ಅವರಿಗೆ ನಿದ್ದೆ ಬೇಕು, ರಾತ್ರಿ ಲಾರಿ ಬಂದರೆ ಎದ್ದು ಹೇರಬೇಕು.

ಕೋಪಿಯೊಳಗೆ ಹಚ್ಚಿಕೊಳ್ಳಲು ಶೆಗಡಿ (ಇದ್ದಿಲ ಒಲೆ), ಇದ್ದಿಲು ಕೊಡಿಸೋಣವೇ?

ಬೇಡವೇ ಬೇಡ. ಮುಚ್ಚಿದ ತಾಡಪತ್ರಿಯೊಳಗೆ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಹೊಗೆ ಕಾಣುವುದಿಲ್ಲ, ಮಲಗಿದವರು ಏಳುವುದಿಲ್ಲ. ಮೇಲಾಗಿ ಅಡಿಯಲ್ಲಿ ಹಾಸಿರುವುದು ಒಣ ರವದಿ, ಕಿಡಿ ಸಾಕು. ಬೆಂಕಿ ಹೊರಗೇ ಇರಲಿ, ಮಲಗುವ ಮೊದಲು ಕಾಯಿಸಿಕೊಂಡು ಆರಿಸಿ ಒಳಗೆ ಹೋಗಲಿ. ಬಿಸಿನೀರು ತುಂಬಿದ ಬಾಟಲಿಗೆ ಅರಿವೆ ಸುತ್ತಿ ಕಾಲ ಹತ್ತಿರ ಇಟ್ಟುಕೊಳ್ಳುವುದನ್ನು ತೋರಿಸಿಕೊಡಬಹುದು.

ಗ್ಯಾಂಗಿನಲ್ಲಿ ಬಾಣಂತಿ ಇದ್ದಾಳೆ. ಕೂಸಿಗೆ ಏನು ಒಯ್ಯಬೇಕು?

ಕುಲಾಯಿ, ಕಾಲುಚೀಲ, ಮೆತ್ತಗಿನ ಹಳೆಯ ನೂಲಿನ ಸೀರೆಯ ತುಂಡುಗಳು. ಹಸುಗೂಸಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಬಿಸಿ ಅಲ್ಲಿಂದ ಬಹಳ ಹೋಗುತ್ತದೆ. ಎಲ್ಲಕ್ಕಿಂತ ಬೆಚ್ಚಗಿನ ಜಾಗ ತಾಯಿಯ ಎದೆ. ಅರಿವೆ ನಡುವೆ ಇಲ್ಲದಂತೆ ಕೂಸನ್ನು ಎದೆಗೆ ಒತ್ತಿಕೊಂಡು ಇಬ್ಬರ ಮೇಲೂ ಹೊದೆಯುವುದು, ಕಡಿಮೆ ತೂಕದ ಮಕ್ಕಳಿಗೆ ವೈದ್ಯರೂ ಇದನ್ನೇ ಹೇಳುತ್ತಾರೆ. ಕೂಸು ತಣ್ಣಗಾಗಿ, ಹಾಲು ಕುಡಿಯದೆ ಮಂಕಾಗಿದ್ದರೆ ಹೊದಿಕೆಯ ಮಾತು ಬಿಟ್ಟು 108ಕ್ಕೆ ಫೋನ್ ಮಾಡಿ.

ಎಲ್ಲವನ್ನೂ ಮುಕಾದಮನ ಕೈಗೆ ಕೊಟ್ಟು ಬಂದರೆ ಸಾಲದೆ?

ಒಳ್ಳೆಯ ಮುಕಾದಮರು ಇದ್ದಾರೆ. ಆದರೂ ಸಾಲ ಕೊಟ್ಟವನ ಕೈಯಿಂದಲೇ ಕಂಬಳಿ ಬಂದರೆ ಅದು ದಾನವೋ ಉಚಲಿಗೆ ಸೇರಿದ ಇನ್ನೊಂದು ಸಾಲವೋ ಪಡೆದವರಿಗೆ ತಿಳಿಯುವುದಿಲ್ಲ. ಅವನಿಗೆ ಹೇಳಿ, ಕೇಳಿ, ಅವನ ಎದುರಿಗೇ ಕೋಯ್ತಾ ಕೋಯ್ತಾಕ್ಕೂ ನೀವೇ ಕೊಡಿ.

## ಎರಡು ಮೂರು ಚಳಿಗಾಲ ದಾಟಿದವರಿಗೆ

ಪ್ರತಿ ವರ್ಷ ಅದೇ ಮನೆಗೆ ಕಂಬಳಿ ಕೊಡುತ್ತಿದ್ದೇವೆ. ಇದಕ್ಕೆ ಕೊನೆ ಇಲ್ಲವೇ?

ನಮ್ಮನ್ನೂ ಕಾಡಿದ ಪ್ರಶ್ನೆ. ಹೋದ ವರ್ಷದ ಕಂಬಳಿ ಎಲ್ಲಿ ಹೋಯಿತು ಎಂದು ನೋಡಿದಾಗ ಉತ್ತರ ಅರ್ಧ ಸಿಕ್ಕಿತು. ಮಳೆಗಾಲದಲ್ಲಿ ಸೋರಿ ಕೊಳೆತಿತ್ತು. ಅಲ್ಲಿ ಬೇಕಾದದ್ದು ಎರಡು ಪತ್ರಾಸು, ಹತ್ತು ಮೊಳೆ. ಇನ್ನೊಂದು ಮನೆಯಲ್ಲಿ ಬೇಕಾದದ್ದು ತಿಂಗಳ ಪಿಂಚಣಿ. 65 ದಾಟಿದ ಬಡವರಿಗೆ ಶ್ರಾವಣಬಾಳ ಯೋಜನೆ, ವಿಧವೆಯರಿಗೆ, ಅಂಗವಿಕಲರಿಗೆ ಸಂಜಯ ಗಾಂಧಿ ನಿರಾಧಾರ ಯೋಜನೆ ಇವೆ. 2023ರಲ್ಲಿ ಈ ಮೊತ್ತವನ್ನು ತಿಂಗಳಿಗೆ 1,500 ರೂಪಾಯಿಗೆ ಏರಿಸಿದರು. ಅರ್ಜಿ ತಹಶೀಲ್ದಾರ ಕಚೇರಿಯಲ್ಲಿ, ಮರಾಠಿಯಲ್ಲಿ.

ಅಲ್ಲೇ ತೊಡಕು. ನಮ್ಮ ಆಯಿಯರಿಗೆ ಮನೆಮಾತು ಕನ್ನಡ, ತವರು ಇಂಡಿ, ಚಡಚಣ ಕಡೆಯದು. ಹುಟ್ಟಿದ ಕಾಗದ ಇದ್ದರೆ ಅದು ಕರ್ನಾಟಕದ್ದು, ಕನ್ನಡದಲ್ಲಿ. ಆಧಾರದಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು: ಒಂದರಲ್ಲಿ ಶಿವಮ್ಮ, ಇನ್ನೊಂದರಲ್ಲಿ ಶಿವಾಬಾಯಿ. ಕಿಟಕಿಯಲ್ಲಿ ಕೇಳಿದ ಪ್ರಶ್ನೆ ಅರ್ಥವಾಗದೆ ಎರಡು ಸಲ ವಾಪಸು ಬಂದವರು ಮೂರನೆಯ ಸಲ ಹೋಗುವುದಿಲ್ಲ. ಚಳಿಗಾಲದಲ್ಲಿ ಹೊದಿಕೆ ಕೊಡಲು ಹೋದಾಗ ಕಾಗದಗಳ ಗಂಟನ್ನೂ ಬಿಚ್ಚಿಸಿ ನೋಡುವ ರೂಢಿ ಈಗ ನಮ್ಮದು. ಮರಾಠಿ ಓದಿದ ಕಾಲೇಜು ಹುಡುಗ-ಹುಡುಗಿಯರು ಅರ್ಜಿ ತುಂಬುತ್ತಾರೆ, ಒಬ್ಬರು ಜೊತೆಗೆ ತಾಲ್ಲೂಕಿಗೆ ಹೋಗುತ್ತಾರೆ. ಕೊಡಲು ಮನೆಯಲ್ಲಿ ಏನೂ ಇಲ್ಲ ಎನ್ನುವ ಹುಡುಗರಿಗೆ ನಾವು ಇದನ್ನೇ ಹೇಳುತ್ತೇವೆ: ಒಂದು ದಿನ ಕೊಡಿ. ಪಿಂಚಣಿ ಮಂಜೂರಾದ ಮನೆಗಳಲ್ಲಿ ಮೂರು ಈಗ ನಮ್ಮ ಪಟ್ಟಿಯಲ್ಲಿಲ್ಲ.

ಗ್ಯಾಂಗಿಗೆ ಹೋಗುವವರು ಗ್ರಾಮಸೇವಕರಿಂದ ಊಸತೋಡ ಕಾಮಗಾರರ (ಕಬ್ಬು ಕಡಿಯುವ ಕೂಲಿಗಳ) ಗುರುತಿನ ಚೀಟಿ ಮಾಡಿಸಿಕೊಳ್ಳುವುದಿದ್ದರೆ ದೀಪಾವಳಿಗೆ ಮೊದಲೇ ನೆನಪಿಸಿ. ಹೋದ ಮೇಲೆ ಆಗುವುದಿಲ್ಲ.

ನೀವು ಕನ್ನಡದವರಿಗೆ ಮಾತ್ರ ಕೊಡುತ್ತೀರಂತೆ?

ಇಲ್ಲ. ನಮ್ಮ ಪಟ್ಟಿಯಲ್ಲಿ ಕಂಬಳಿ ಎನ್ನುವವರೂ ಇದ್ದಾರೆ, ಅದನ್ನೇ ಮರಾಠಿಯಲ್ಲಿ ಘೊಂಗಡಿ ಎನ್ನುವವರೂ ಇದ್ದಾರೆ, ಲಂಬಾಣಿ ತಾಂಡಾದವರೂ ಇದ್ದಾರೆ. 2022ರ ಡಿಸೆಂಬರಿನಲ್ಲಿ ಗಡಿಯ ಗದ್ದಲ ಎದ್ದು ಎರಡೂ ಕಡೆಯ ಬಸ್ಸುಗಳು ನಿಂತಾಗ ಚಡಚಣದಲ್ಲಿ ನಮ್ಮ ಎರಡು ಮೂಟೆ ಸಿಕ್ಕಿಕೊಂಡಿದ್ದವು. ಅವನ್ನು ದ್ರಾಕ್ಷಿಯ ಖಾಲಿ ಕ್ರೇಟುಗಳ ಅಡಿಯಲ್ಲಿಟ್ಟು ತಂದುಕೊಟ್ಟವರು ಮರಾಠಿ ಮಾತಾಡುವ ಟೆಂಪೊ ಚಾಲಕರು. ಬಾಡಿಗೆ ಕೊಡಹೋದರೆ ಒಂದು ಕೌದಿ ಕೇಳಿದರು, ತಾಯಿಗೆಂದು.

ಉಳಿದದ್ದನ್ನು ಏನು ಮಾಡುತ್ತೀರಿ?

ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೋಗುತ್ತದಲ್ಲ, ಅದರ ಮರುವಾರ ಎಲ್ಲವನ್ನೂ ಒಗೆದು ಒಣಗಿಸುತ್ತೇವೆ. ಹರಿದದ್ದು ಕೌದಿಯ ಒಳಪದರಕ್ಕೆ, ಅದಕ್ಕೂ ಆಗದ್ದು ನೆಲ ಒರೆಸಲು. ಒಳ್ಳೆಯದನ್ನು ಒಣಗಿದ ಬೇವಿನ ಸೊಪ್ಪು ನಡುನಡುವೆ ಹಾಕಿ ಮೂರು ಟ್ರಂಕಿನಲ್ಲಿ ಇಡುತ್ತೇವೆ. ಟ್ರಂಕುಗಳು ಸದ್ಯ ನಮ್ಮ ಹಿತ್ತಲ ಕೋಣೆಯಲ್ಲಿವೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಮನೆಯವರು ಗೊಣಗುತ್ತಿರುತ್ತಾರೆ, ಜೋಳದ ಚೀಲ ಇಡಲು ಜಾಗ ಸಾಲುತ್ತಿಲ್ಲ. ಸೋರದ ಒಂದು ಕೋಣೆ ಯಾರಲ್ಲಾದರೂ ಖಾಲಿ ಇದ್ದರೆ ರಾಶಿ ಮನೆಗೆ ಬರುವ ಮೊದಲು ತಿಳಿಸಿ.